ಎಂಜಿಬಿ ಕಾರ್ಬ್ ಉಕ್ಕುತ್ತಿತ್ತು, ಮೂರು ಬಗೆಯ ನೀಡಲ್ ಹಾಕಿ ನೋಡಿದೆ

ಮಳೆ ಬಿಟ್ಟ ಮೇಲೆ ಅಪ್ಪನ 1967ರ ಎಂಜಿಬಿಯನ್ನು (ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಶೆಡ್‌ನಿಂದ ಹೊರಗೆ ತೆಗೆದ ದಿನವೇ ಪೆಟ್ರೋಲ್ ವಾಸನೆ. ಬಾನೆಟ್ ಎತ್ತಿದರೆ ಮುಂದಿನ ಕಾರ್ಬಿನ (ಪೆಟ್ರೋಲನ್ನು ಗಾಳಿಯ ಜತೆ ಬೆರೆಸಿ ಎಂಜಿನಿಗೆ ಕೊಡುವ ಕಾರ್ಬ್ಯುರೇಟರ್) ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕುತ್ತಿತ್ತು. ಈ ಕಾರಿಗೆ ಎಸ್‌ಯು ಕಂಪನಿಯ ಎಚ್‌ಎಸ್4 ಮಾದರಿಯ ಎರಡು ಕಾರ್ಬ್, ಎಕ್ಸಾಸ್ಟ್ ಕೂಡ ಅದೇ ಬದಿಯಲ್ಲಿ. ಬಿಸಿ ಪೈಪಿನ ಹತ್ತಿರ ಪೆಟ್ರೋಲ್ ಸುರಿಯುವುದೆಂದರೆ ನಾಳೆ ನೋಡುವ ಅಂತ ಬಿಡುವ ಕೆಲಸ ಅಲ್ಲ.

ಮೊದಲು ಪಂಪಿನ ಶಬ್ದ ಕೇಳಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದರೆ ಹಿಂದುಗಡೆ ಪಂಪ್ ಟಿಕ್ ಟಿಕ್ ಅನ್ನುತ್ತದೆ, ಫ್ಲೋಟ್ ಚೇಂಬರ್ ತುಂಬಿ ನೀಡಲ್ ಮುಚ್ಚಿಕೊಂಡ ಮೇಲೆ ನಿಲ್ಲಬೇಕು. ಫ್ಲೋಟ್ ಚೇಂಬರ್ ಅಂದರೆ ಕಾರ್ಬಿನ ಪೆಟ್ರೋಲ್ ಡಬ್ಬಿ, ಅದರಲ್ಲಿ ತೇಲುವ ಫ್ಲೋಟ್ ಮೇಲೇರಿದಾಗ ಸೂಜಿಯಂಥ ನೀಡಲನ್ನು ಒತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ನನ್ನದು ನಿಲ್ಲಲೇ ಇಲ್ಲ. ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದೆ, ಒಳಗೆ ಪೆಟ್ರೋಲ್ ಸೇರಿರಲಿಲ್ಲ. ಹಾಗಾದರೆ ನೀಡಲ್‌ದೇ ತೊಂದರೆ.

ಗ್ಯಾರೇಜಿನ ಅಣ್ಣ, "ಪ್ರೆಶರ್ ಜಾಸ್ತಿ ಉಂಟು ಸಾರ್, ಒಂದು ರೆಗ್ಯುಲೇಟರ್ ಹಾಕುವ" ಅಂದರು. ಅಳೆದರೆ 3 ಪಿಎಸ್‌ಐ (ಒತ್ತಡದ ಅಳತೆ) ಒಳಗೇ ಇತ್ತು, ಎಸ್‌ಯು ಕಾರ್ಬಿಗೆ ಅಷ್ಟು ಸರಿ. ಬೇರೆ ಜೋರಿನ ಪಂಪ್ ಹಾಕಿಸಿದವರಿಗೆ ರೆಗ್ಯುಲೇಟರ್ ಬೇಕಾಗಬಹುದು, ನನಗೆ ಬೇಕಿರಲಿಲ್ಲ.

ಹಳೆಯ ಸ್ಟೀಲ್ ನೀಡಲಿನ ತುದಿಯಲ್ಲಿ ಉಂಗುರದ ಹಾಗೆ ಸವೆದ ಗೆರೆ, ಉಗುರಿಗೆ ತಾಗುತ್ತಿತ್ತು. ಅದು ಕೂರುವ ಸೀಟ್ ಸಮೇತ ಹೊಸ ಸ್ಟೀಲ್ ನೀಡಲ್ಲೇ ಹಾಕಿದೆ. ನಿಂತಲ್ಲಿ ಚೆನ್ನಾಗಿತ್ತು, ಆದರೆ ಹೊಂಡದ ರಸ್ತೆಯಲ್ಲಿ ಕುಲುಕಿಕೊಂಡು ಬಂದು ನಂತೂರಿನ ಟ್ರಾಫಿಕ್‌ನಲ್ಲಿ ನಿಂತರೆ ಮತ್ತೆ ಅದೇ ವಾಸನೆ. ಲೋಹದ ಮೇಲೆ ಲೋಹ ಕೂರಬೇಕು, ಸ್ವಲ್ಪ ಅಲ್ಲಾಡಿದರೂ ಸೋರುತ್ತದೆ.

ಆಮೇಲೆ ಗುಂಡಿನ ವಾಲ್ವ್. ಸೂಜಿಯ ಬದಲು ಸಣ್ಣ ಸ್ಟೀಲ್ ಗುಂಡುಗಳು ಪೆಟ್ರೋಲ್ ತಡೆಯುತ್ತವೆ. ಮೂರು ವಾರ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಮಲ್ಪೆವರೆಗೂ ಹೋಗಿ ಬಂದೆ, ಒಂದು ಹನಿ ಇಲ್ಲ. ನಾಲ್ಕನೇ ವಾರ ಒಮ್ಮೆಲೇ ಉಕ್ಕಿತು. ಟ್ಯಾಂಕಿನ ತುಕ್ಕಿನ ಪುಡಿ ಒಳಗೆ ಸಿಕ್ಕಿಕೊಂಡಿತ್ತು, ಬಿಚ್ಚಿ ಒರೆಸಲಿಕ್ಕೂ ಆಗಲಿಲ್ಲ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟು ನಾಲ್ಕು ತಿಂಗಳು ಕಾರ್ ನಿಲ್ಲಿಸಿದರೆ ಒಳಗೆ ತುಕ್ಕು ಹಿಡಿಯದೆ ಇರುತ್ತದಾ? ಕಾರ್ಬಿನ ಮುಂದೆ ಫಿಲ್ಟರ್ ಹಾಕದ್ದು ನನ್ನದೇ ತಪ್ಪು.

ಈಗ ಇರುವುದು ವಿಟಾನ್ ತುದಿಯ ನೀಡಲ್, ನನ್ನ ಮಟ್ಟಿಗೆ ಇದೇ ಸರಿ. ವಿಟಾನ್ ಅಂದರೆ ಪೆಟ್ರೋಲಿಗೆ ಬೇಗ ಉಬ್ಬದ ರಬ್ಬರ್. ಮೆತ್ತಗಿರುವುದರಿಂದ ಸಣ್ಣ ಪುಡಿ ಇದ್ದರೂ ಅದರ ಸುತ್ತ ಒತ್ತಿ ಕೂರುತ್ತದೆ, ಕುಲುಕಿದರೂ ಬಿಡುವುದಿಲ್ಲ. ಒಂದೇ ತೊಂದರೆ, ಎರಡು ವಾರ ಓಡಿಸದೆ ಬಿಟ್ಟಾಗ ಒಮ್ಮೆ ಸೀಟಿಗೆ ಅಂಟಿಕೊಂಡು ಪೆಟ್ರೋಲೇ ಬರಲಿಲ್ಲ. ಚೇಂಬರಿನ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ, ಬಿಟ್ಟುಕೊಂಡಿತು.

ಯಾವುದನ್ನು ಹಾಕಿದರೂ ಫ್ಲೋಟ್ ಲೆವೆಲ್ ನೋಡದೆ ಮುಚ್ಚಳ ಹಾಕಬೇಡಿ. ಮುಚ್ಚಳ ತಲೆಕೆಳಗೆ ಹಿಡಿದು, ಅಂಚಿಗೂ ಫ್ಲೋಟಿನ ತೋಳಿಗೂ ನಡುವೆ 3.2 ಮಿ.ಮೀ. ಡ್ರಿಲ್ ಬಿಟ್ ಸರಿಯಾಗಿ ಕೂರಬೇಕು. ನಾನು ಮೊದಲ ಸಲ ತೋಳನ್ನು ಅಂದಾಜಿನಲ್ಲಿ ಬಗ್ಗಿಸಿ ಒಂದಿಡೀ ಭಾನುವಾರ ಕಳೆದೆ. ಹಿಂದಿನ ಕಾರ್ಬಿನಲ್ಲಿ ಇನ್ನೂ ಸ್ಟೀಲ್ ಉಂಟು, ಅದಕ್ಕೂ ವಿಟಾನ್ ತರಿಸಿಟ್ಟಿದ್ದೇನೆ.