‘ಇವತ್ತು ಅರಮನೆ ಮುಚ್ಚಿದೆ’ ಅಂದರೆ ನಂಬಬೇಡಿ

ಬ್ಯಾಂಕಾಕಿಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ನಾಲ್ಕು ಜನ ಗೆಳೆಯರು ಹೋಗಿದ್ದೆವು. ಓಡಾಟವೆಲ್ಲ ಮುಗಿಸಿ, ಕೊನೆಗೆ ಒಂದು ಇಡೀ ದಿನವನ್ನು ಖಾಲಿ ಇಟ್ಟುಕೊಂಡಿದ್ದೆವು. ನಿಧಾನವಾಗಿ ಗ್ರ್ಯಾಂಡ್ ಪ್ಯಾಲೇಸ್ ನೋಡುವುದು, ಸಂಜೆ ನದಿ ದಂಡೆಯಲ್ಲಿ ಕೂತು ಊಟ ಮಾಡುವುದು, ಅಷ್ಟೇ. ಆ ಒಂದು ದಿನ ನಮ್ಮ ಕೈಬಿಟ್ಟ ದುಡ್ಡು ಅದಕ್ಕೂ ಮುಂಚಿನ ನಾಲ್ಕು ದಿನದ ಖರ್ಚಿಗಿಂತ ಜಾಸ್ತಿ.

ಬೆಳಿಗ್ಗೆ ಚೆನ್ನಾಗಿಯೇ ಶುರುವಾಯಿತು. ಸ್ಕೈಟ್ರೇನಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣಕ್ಕೆ ಬಂದು, ಅಲ್ಲೇ ಕೆಳಗೆ ಕಿತ್ತಳೆ ಬಾವುಟದ ದೋಣಿ ಹತ್ತಿದೆವು. ತಲೆಗೆ 16 ಬಾತ್ (ಬಾತ್ ಅಂದರೆ ಅಲ್ಲಿನ ಹಣ). ಚಾವ್ ಫ್ರಾಯ ನದಿಯ ಗಾಳಿ, ದಡದ ಮೇಲೆ ಗೋಪುರಗಳು. ತಾ ಚಾಂಗ್ ದಕ್ಕೆಯಲ್ಲಿ ಇಳಿದರೆ ಅರಮನೆ ನಡೆದು ಹೋಗುವಷ್ಟೇ ದೂರ.

ಗೋಡೆಯ ಪಕ್ಕ ನಡೆಯುತ್ತಿದ್ದಾಗ ಒಬ್ಬರು ಎದುರಾದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೊರಳಲ್ಲಿ ಗುರುತಿನ ಚೀಟಿ, ಮೆತ್ತಗಿನ ಮಾತು. ಎಲ್ಲಿಂದ ಬಂದಿರಿ, ಎಷ್ಟು ದಿನ ಇರುತ್ತೀರಿ, ಇವತ್ತು ಎಲ್ಲೆಲ್ಲಿ ಹೋಗುತ್ತೀರಿ ಎಂದು ಕೇಳಿದರು. ‘ಏನೂ ಪ್ಲಾನ್ ಇಲ್ಲ, ಇಡೀ ದಿನ ಪುರುಸೊತ್ತು’ ಎಂದು ನಾನೇ ಹೇಳಿದೆ. ಅವರಿಗೆ ಬೇಕಾಗಿದ್ದು ಆ ಒಂದೇ ಮಾತು. ‘ಅರಮನೆಯಲ್ಲಿ ಈಗ ಭಿಕ್ಷುಗಳ ಪೂಜೆ ಇದೆ, ಒಂದೂವರೆಗೆ ತೆರೆಯುತ್ತದೆ’ ಎಂದರು. ನಮ್ಮ ಕೈಯಲ್ಲಿದ್ದ ಮ್ಯಾಪ್ ತೆಗೆದುಕೊಂಡು ಪೆನ್ನಿನಲ್ಲಿ ಮೂರು ಸುತ್ತು ಹಾಕಿಕೊಟ್ಟರು. ಅಷ್ಟರಲ್ಲಿ ಒಂದು ಟುಕ್‌ಟುಕ್ ಬಂದು ನಿಂತಿತ್ತು. ಮೂರೂ ಜಾಗ ತೋರಿಸಿ ವಾಪಸ್ ಬಿಡಲು ಬರೀ 20 ಬಾತ್.

ಇಲ್ಲೇ ನಿಲ್ಲಬೇಕಿತ್ತು. ಆ ಊರಿನಲ್ಲಿ 20 ಬಾತ್‌ಗೆ ಮೂರು ಗಂಟೆ ಗಾಡಿ ಓಡಿಸುವವರು ಯಾರೂ ಇಲ್ಲ. ಆ ದುಡ್ಡು ಬೇರೆ ಎಲ್ಲಿಂದಲೋ ಬರಬೇಕು, ಅಲ್ವಾ?

ಮೊದಲ ಜಾಗ ವಾಟ್ ಇಂತರವಿಹಾನ್. 32 ಮೀಟರ್ ಎತ್ತರದ ನಿಂತ ಬುದ್ಧ. ನಿಜಕ್ಕೂ ಚೆಂದದ ಜಾಗ, ಅದಕ್ಕೇ ಅನುಮಾನವೇ ಬರಲಿಲ್ಲ. ಎರಡನೆಯದು ಒಂದು ಸಣ್ಣ ದೇವಾಲಯ. ಒಳಗೆ ಒಬ್ಬ ಹಿರಿಯರು ಮಾತ್ರ ಕೂತಿದ್ದರು. ಅವರಾಗಿ ಮಾತಾಡಿಸಲಿಲ್ಲ. ನಾವು ಕೈಮುಗಿದು ಏಳುವಾಗ ನಕ್ಕು, ಮಗಳ ಮದುವೆಗೆ ನೀಲದ ಹರಳು ಕೊಂಡಿದ್ದೇನೆ, ಸರ್ಕಾರಿ ಮಳಿಗೆಯಲ್ಲಿ ತೆರಿಗೆ ಇಲ್ಲದ ಮಾರಾಟ ಇವತ್ತೇ ಕೊನೆ ಎಂದರು. ಜೇಬಿನಿಂದ ಬಿಲ್ ತೆಗೆದು ಮಡಿಕೆ ಬಿಡಿಸಿ ತೋರಿಸಿದರು. ಅದರ ಅಂಚು ಸವೆದುಹೋಗಿತ್ತು. ನಿನ್ನೆ ಮೊನ್ನೆಯ ಬಿಲ್ ಹಾಗೆ ಸವೆಯುವುದಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಮೊದಲಿನವರಿಗೂ ಇವರಿಗೂ ಸಂಬಂಧ ಇದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಈ ಎರಡನೇ ಮನುಷ್ಯನೇ ಇಡೀ ಆಟದ ಕೀಲಿ. ಮ್ಯಾಪಿನಲ್ಲಿ ಅಂಗಡಿಗೆ ಸುತ್ತು ಹಾಕಿಕೊಟ್ಟವನು ಒಬ್ಬನೇ ಆಗಿದ್ದರೆ ನಾವು ನಂಬುತ್ತಿರಲಿಲ್ಲ.

ಮೂರನೆಯದು ಆ ಹರಳಿನ ಅಂಗಡಿ. ಅದು ಸರ್ಕಾರಿ ಮಳಿಗೆ ಆಗಿರಲಿಲ್ಲ. ಎಸಿ, ತಂಪು ಪಾನೀಯ, ಒಬ್ಬೊಬ್ಬರ ಪಕ್ಕ ಒಬ್ಬೊಬ್ಬ ಮಾರಾಟಗಾರ. ನಿಮ್ಮ ಊರಿನಲ್ಲಿ ಇದಕ್ಕೆ ಎರಡರಷ್ಟು ಬೆಲೆ ಸಿಗುತ್ತದೆ ಎಂದರು. ನಮ್ಮ ಗೆಳತಿ ತನ್ನ ಅಮ್ಮನಿಗೆಂದು 22,000 ಬಾತ್ ಕೊಟ್ಟು ನೀಲದ ಉಂಗುರ ತೆಗೆದುಕೊಂಡಳು. ಕವರಿಗೆ ಸೀಲ್ ಹಾಕಿ, ಮನೆ ತಲುಪುವ ತನಕ ಬಿಚ್ಚಬೇಡಿ, ವಿಮಾನ ನಿಲ್ದಾಣದಲ್ಲಿ ತೊಂದರೆ ಆಗುತ್ತದೆ ಎಂದರು. ಬಿಚ್ಚಬೇಡಿ ಅನ್ನುವುದು ಯಾಕೆಂದು ಈಗ ಗೊತ್ತಾಗಿದೆ. ಅಲ್ಲೇ ಬೇರೆ ಯಾರಿಗಾದರೂ ತೋರಿಸಿಬಿಟ್ಟರೆ?

ಆಮೇಲೆ ಒಂದು ಟೈಲರ್ ಅಂಗಡಿ. ‘ಏನೂ ಕೊಳ್ಳಬೇಡಿ, ಹತ್ತು ನಿಮಿಷ ಕೂತು ಬನ್ನಿ, ನನಗೆ ಪೆಟ್ರೋಲ್ ಕೂಪನ್ ಸಿಗುತ್ತದೆ’ ಎಂದು ಡ್ರೈವರ್ ಬೇಡಿಕೊಂಡ. ಪಾಪ ಅನ್ನಿಸಿತು, ಕೂತೆವು. ಅರಮನೆಗೆ ಮರಳುವಾಗ ನಾಲ್ಕು ಗಂಟೆ. ಟಿಕೆಟ್ ಕೊಡುವುದು ಮೂರೂವರೆಗೇ ನಿಂತಿತ್ತು.

ಬೇಸರದಲ್ಲಿದ್ದ ನಮ್ಮನ್ನು ಅದೇ ಡ್ರೈವರ್ ನದಿ ದಂಡೆಯ ಒಂದು ಹೋಟೆಲಿಗೆ ಬಿಟ್ಟ. ಮೆನುವಿನಲ್ಲಿ ನದಿ ಸಿಗಡಿಯ ಎದುರು 350 ಎಂದಿತ್ತು. ಒಂದು ಪ್ಲೇಟಿಗೆ ಎಂದುಕೊಂಡೆವು. ಕೆಳಗೆ ಸಣ್ಣ ಅಕ್ಷರದಲ್ಲಿ ‘100 ಗ್ರಾಂಗೆ’ ಎಂದಿದ್ದು ಬಿಲ್ ಬಂದ ಮೇಲೆ ಕಂಡಿತು. ನಮ್ಮೆದುರು ತೂಕ ಹಾಕಲಿಲ್ಲ. 1.8 ಕಿಲೋ ಎಂದು ಬರೆದು ಸಿಗಡಿಗೇ 6,300 ಬಾತ್ ಹಾಕಿದ್ದರು. ಉಳಿದ ತಿಂಡಿಗೆ 1,900. ಅದರ ಮೇಲೆ ಸರ್ವಿಸ್ ಚಾರ್ಜ್ ಶೇ 10, ಅದೂ ಸೇರಿದ ಮೊತ್ತಕ್ಕೆ ವ್ಯಾಟ್ ಶೇ 7. ಒಟ್ಟು 9,651 ಬಾತ್. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಅರ್ಥ ಇದೇ. ಕಾರ್ಡ್ ಮೆಷಿನ್ ಬಾತೋ ರೂಪಾಯಿಯೋ ಎಂದು ಕೇಳಿದಾಗ ಮಾಣಿ ತಾನೇ ರೂಪಾಯಿ ಒತ್ತಿಬಿಟ್ಟ. ಅವರ ದರದಲ್ಲಿ ಇನ್ನಷ್ಟು ಹೋಯಿತು. ಮೆಷಿನ್ ನಿಮ್ಮ ಕೈಗೆ ಕೊಡಲು ಹೇಳಿ, ಬಾತ್ ಅನ್ನೇ ಒತ್ತಿ. ಸಿಗಡಿ, ಮೀನು, ಏಡಿ ಏನೇ ಇರಲಿ, ಬೇಯಿಸುವ ಮುಂಚೆ ಕಣ್ಣೆದುರು ತೂಗಿಸಿ, ಒಟ್ಟು ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ.

ಉಂಗುರವನ್ನು ಊರಿಗೆ ಬಂದು ಅಕ್ಕಸಾಲಿಗರಿಗೆ ತೋರಿಸಿದೆವು. ಹರಳು ಸುಳ್ಳಲ್ಲ, ಆದರೆ ಮಂಕು, ಕೀಳು ದರ್ಜೆಯದು, ಕೊಟ್ಟ ಬೆಲೆಯಲ್ಲಿ ಹತ್ತರಲ್ಲೊಂದು ಪಾಲೂ ಬಾಳುವುದಿಲ್ಲ ಎಂದರು. ಗೆಳತಿ ಅದನ್ನು ಅಮ್ಮನಿಗೆ ಇನ್ನೂ ಕೊಟ್ಟಿಲ್ಲ. ಆ ಊರಿನಲ್ಲಿ ಇರುವಾಗಲೇ ನಿಮಗೆ ಅನುಮಾನ ಬಂದರೆ ಕಾಯಬೇಡಿ, ಟೂರಿಸ್ಟ್ ಪೊಲೀಸರ ನಂಬರ್ 1155, ಇಂಗ್ಲಿಷಿನಲ್ಲೇ ಮಾತಾಡಬಹುದು. ನಮಗೆ ಆ ನಂಬರ್ ಆಮೇಲೆ ತಿಳಿಯಿತು.

ವಿಮಾನ ಮಧ್ಯಾಹ್ನ ಇದ್ದದ್ದರಿಂದ ಮರುದಿನ ಬೆಳಿಗ್ಗೆ ಎಂಟೂವರೆಗೆ ಮತ್ತೆ ಅರಮನೆಗೆ ಹೋದೆವು. ಗೇಟು ತೆರೆದಿತ್ತು. ಪ್ರತಿದಿನ ತೆರೆದಿರುತ್ತದೆ, ಅಪರಿಚಿತರನ್ನು ನಂಬಬೇಡಿ ಎಂದು ಅಲ್ಲೇ ಬೋರ್ಡು ಹಾಕಿದ್ದಾರೆ. ಹಿಂದಿನ ದಿನ ಅದು ಕಾಣುವಷ್ಟು ಹತ್ತಿರಕ್ಕೂ ನಾವು ಹೋಗಿರಲಿಲ್ಲ. ರಾಜಮನೆತನದ ಸಮಾರಂಭಕ್ಕೆ ಅಪರೂಪಕ್ಕೆ ಮುಚ್ಚುವುದುಂಟು, ಆದರೆ ಅದನ್ನು ಗೇಟಿನಲ್ಲಿರುವವರು ಹೇಳಬೇಕು, ರಸ್ತೆಯಲ್ಲಿ ಸಿಕ್ಕವರಲ್ಲ. ನಿಮ್ಮ ಬಟ್ಟೆ ಸರಿ ಇಲ್ಲ, ಒಳಗೆ ಬಿಡುವುದಿಲ್ಲ ಎಂದು ದಾರಿಯಲ್ಲಿ ಯಾರಾದರೂ ಅಂದರೂ ಅಷ್ಟೇ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡು ಸೀದಾ ಗೇಟಿಗೆ ಹೋಗಿ.

ಅವತ್ತೂ ಅದೇ ಗೋಡೆಯ ಪಕ್ಕ ಒಬ್ಬ ನಿಂತಿದ್ದ. ಬೇರೆ ಮನುಷ್ಯ, ಅದೇ ಮಾತು. ಎದುರಿಗೆ ಒಂದು ಕುಟುಂಬ, ಇಬ್ಬರು ಮಕ್ಕಳು. ಆ ತಂದೆ ಮ್ಯಾಪ್ ಬಿಡಿಸುತ್ತಿದ್ದರು. ನಾನು ಹೋಗಿ, ‘ಅರಮನೆ ತೆರೆದಿದೆ, ನಾವೂ ಅಲ್ಲಿಗೇ ಹೋಗುತ್ತಿದ್ದೇವೆ, ಬನ್ನಿ’ ಎಂದೆ. ಅವರು ಒಂದು ಕ್ಷಣ ನನ್ನ ಮುಖವನ್ನೂ ಅವನ ಮುಖವನ್ನೂ ನೋಡಿದರು. ಆಮೇಲೆ ಮ್ಯಾಪ್ ಮಡಚಿ, ಮಕ್ಕಳ ಕೈ ಹಿಡಿದುಕೊಂಡು ನಮ್ಮ ಜೊತೆ ಗೇಟಿನ ಕಡೆ ನಡೆದರು.