ಹವಳಗಳನ್ನು ಪ್ರಖರ ಬೆಳಕಿಗೆ ಒಗ್ಗಿಸುವ ವಿಧಾನಗಳು: ಪ್ರಯೋಗ ಮಾಡಿ ಕಂಡ ಹೋಲಿಕೆ

ಟಿ5 ಎಂಬ ಫ್ಲೋರೊಸೆಂಟ್ ಟ್ಯೂಬ್‌ಗಳ ಕೆಳಗೆ ಬೆಳೆದ ಹವಳಗಳನ್ನು ಹೊಸ ಎಲ್‌ಇಡಿ ದೀಪದ ಕೆಳಗೆ ತರುವಾಗ ಅಕ್ವೇರಿಯಂ ಸಾಕುವವರು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ದಾರಿಯನ್ನು ಹಿಡಿಯುತ್ತಾರೆ. ಕೆಲವರು ದೀಪದ ಪ್ರಖರತೆಯನ್ನು ತಗ್ಗಿಸಿಟ್ಟು ವಾರದಿಂದ ವಾರಕ್ಕೆ ಏರಿಸುತ್ತಾರೆ. ಕೆಲವರು ದೀಪವನ್ನು ಪೂರ್ಣ ಪ್ರಖರತೆಯಲ್ಲೇ ಇಟ್ಟು ಅದು ಉರಿಯುವ ಗಂಟೆಗಳನ್ನು ಮೊದಲಿಗೆ ಕಡಿಮೆ ಮಾಡುತ್ತಾರೆ. ಮತ್ತೆ ಕೆಲವರು ದೀಪಕ್ಕೂ ನೀರಿಗೂ ನಡುವೆ ಜಾಲರಿಯ ಪದರಗಳನ್ನು ಹಾಸಿ ಒಂದೊಂದಾಗಿ ತೆಗೆಯುತ್ತಾರೆ. ಉಳಿದವರು ಹವಳವನ್ನೇ ತಳದ ಮರಳಿನ ಮೇಲಿಟ್ಟು ಹಂತಹಂತವಾಗಿ ಮೇಲಿನ ಬಂಡೆಗೆ ಏರಿಸುತ್ತಾರೆ. ಅಮೆರಿಕದ ನನ್ನ ಮನೆಯಲ್ಲಿ ಈ ನಾಲ್ಕನ್ನೂ, ಪ್ರತಿ ಬಗೆಯಲ್ಲೂ ಒಂದೇ ತಾಯಿ ಹವಳದಿಂದ ಕತ್ತರಿಸಿದ ತುಂಡುಗಳ ಮೇಲೆ, ನಾನು ಪ್ರಯೋಗಿಸಿ ನೋಡಿದ್ದೇನೆ. ಇವು ಒಂದಕ್ಕೊಂದು ಬದಲಿಯಾಗಬಲ್ಲ ವಿಧಾನಗಳೆಂಬ ಮಾತು ಬಳಕೆಯಲ್ಲಿದೆಯಾದರೂ ನನ್ನ ಅನುಭವ ಅದನ್ನು ಒಪ್ಪುವುದಿಲ್ಲ. ಹವಳವನ್ನು ಸುಡುವುದು ಮುಖ್ಯವಾಗಿ ಆ ಕ್ಷಣದ ಪ್ರಖರತೆ. ಅದನ್ನು ಇಳಿಸುವ ವಿಧಾನಗಳು ಫಲ ಕೊಟ್ಟವು, ಇಳಿಸದ ವಿಧಾನ ಫಲ ಕೊಡಲಿಲ್ಲ.

ಇದಕ್ಕೆ ಕಾರಣ ಹವಳದ ಒಳಗೇ ಇದೆ. ಅದರ ಅಂಗಾಂಶದಲ್ಲಿ ಝೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸಿಸುತ್ತದೆ, ಮತ್ತು ಆ ಪಾಚಿ ಬೆಳಕಿನಿಂದ ತಯಾರಿಸುವ ಸಕ್ಕರೆಯೇ ಹವಳಕ್ಕೆ ದೊಡ್ಡ ಆಹಾರ. ಮಂದ ಬೆಳಕಿನಲ್ಲಿ ಪಾಚಿಯ ಪ್ರತಿ ಕೋಶವೂ ಹೆಚ್ಚು ಪತ್ರಹರಿತ್ತನ್ನು ತುಂಬಿಕೊಂಡು, ಸಿಕ್ಕಷ್ಟೂ ಬೆಳಕನ್ನು ಹಿಡಿಯಲು ಸಜ್ಜಾಗಿರುತ್ತದೆ. ಅದರ ಮೇಲೆ ಒಮ್ಮೆಗೇ ಎರಡು ಪಟ್ಟು ಬೆಳಕು ಸುರಿದರೆ, ಹಿಡಿದ ಶಕ್ತಿಯನ್ನು ಬಳಸಿ ಮುಗಿಸಲಾಗದೆ ಕೋಶದಲ್ಲಿ ಆಮ್ಲಜನಕದ ಹಾನಿಕಾರಕ ರೂಪಗಳು ಹುಟ್ಟುತ್ತವೆ. ಆಗ ಹವಳವು ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಕಾಲಾವಕಾಶ ದೊರೆತರೆ ಪತ್ರಹರಿತ್ತು ಇಳಿಯುತ್ತದೆ, ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಹೊರಹಾಕುವ ವರ್ಣಕಗಳು ಬೆಳೆಯುತ್ತವೆ, ಮತ್ತು ಈ ಹೊಂದಾಣಿಕೆ ಪೂರ್ಣಗೊಳ್ಳಲು ಕೆಲವು ವಾರಗಳೇ ಹಿಡಿಯುತ್ತವೆ. ನೆರಳು ಪರದೆಯಡಿ ಬೆಳೆದ ಅಡಿಕೆ ಸಸಿಯನ್ನು ತಂದು ನೇರ ಬಿಸಿಲಿನಲ್ಲಿ ನೆಟ್ಟಾಗ ಗರಿ ಸುಟ್ಟುಹೋಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹವಳಗಳು ಬಳಸಬಲ್ಲ ಬೆಳಕನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದರ ಮಾನ ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಇಷ್ಟು ಮೈಕ್ರೊಮೋಲ್ ಬೆಳಕಿನ ಕಣಗಳು ಎಂದು. ನನ್ನ ಹಳೆಯ ಟ್ಯೂಬ್‌ಗಳು ಬಂಡೆಯ ನಡುಮಟ್ಟದಲ್ಲಿ ಸುಮಾರು 130 ಪಾರ್ ಕೊಡುತ್ತಿದ್ದವು. ಹೊಸ ಎಲ್‌ಇಡಿ ಪೂರ್ಣ ಪ್ರಖರತೆಯಲ್ಲಿ ಅದೇ ಜಾಗದಲ್ಲಿ ಸುಮಾರು 280 ಕೊಟ್ಟಿತು. ಪ್ರಖರತೆ ತಗ್ಗಿಸುವ ಪ್ರಯೋಗವನ್ನು ದೊಡ್ಡ ತೊಟ್ಟಿಯಲ್ಲೂ, ಜಾಲರಿ ಮತ್ತು ಸ್ಥಳ ಬದಲಾವಣೆಯ ಪ್ರಯೋಗಗಳನ್ನು ತುಂಡುಗಳಿಗೆಂದೇ ಇಟ್ಟಿರುವ ಸಣ್ಣ ತೊಟ್ಟಿಯಲ್ಲೂ ಮಾಡಿದೆ. ಗಂಟೆಗಳನ್ನು ಕಡಿಮೆ ಮಾಡುವ ಪ್ರಯೋಗವು ಇಡೀ ತೊಟ್ಟಿಗೆ ತಾಗುವಂಥದ್ದಾದ್ದರಿಂದ ಅದನ್ನು ಸಣ್ಣ ತೊಟ್ಟಿಯಲ್ಲೇ, ಹೊಸದಾಗಿ ಕತ್ತರಿಸಿದ ತುಂಡುಗಳ ಮೇಲೆ ಬಳಿಕ ನಡೆಸಿದೆ. ಆದ್ದರಿಂದ ಇದು ಪ್ರಯೋಗಾಲಯದ ಹೋಲಿಕೆಯಲ್ಲ. ಆದರೆ ಎರಡೂ ತೊಟ್ಟಿಗಳ ಉಪ್ಪಿನಂಶ, ತಾಪಮಾನ ಮತ್ತು ಕ್ಷಾರೀಯತೆಯನ್ನು ಒಂದೇ ಮಟ್ಟದಲ್ಲಿ ಇಟ್ಟಿದ್ದೆ.

ಗಂಟೆಗಳನ್ನು ಕಡಿಮೆ ಮಾಡುವ ವಿಧಾನದ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ಅದನ್ನೇ ಶಿಫಾರಸು ಮಾಡುತ್ತಾರೆ ಮತ್ತು ಅದರ ಹಿಂದಿನ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. 280 ಪಾರ್ ಬೆಳಕು ನಾಲ್ಕೂವರೆ ಗಂಟೆ ಬಿದ್ದರೂ, 140 ಪಾರ್ ಬೆಳಕು ಒಂಬತ್ತು ಗಂಟೆ ಬಿದ್ದರೂ ದಿನದ ಒಟ್ಟು ಮೊತ್ತ ಒಂದೇ, ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 4.5 ಮೋಲ್. ಹವಳಕ್ಕೆ ಮೊತ್ತವಷ್ಟೇ ಮುಖ್ಯವಾಗಿದ್ದರೆ ಎರಡೂ ಒಂದೇ ಫಲ ಕೊಡಬೇಕಿತ್ತು. ಆದರೆ ಪಾಚಿಯ ಬೆಳಕು ಹಿಡಿಯುವ ಯಂತ್ರಕ್ಕೆ ಒಂದು ಮಿತಿಯಿದೆ. ಆ ಮಿತಿಯನ್ನು ಮೀರಿದ ಬೆಳಕು ಬಿದ್ದಾಗ ಹಾನಿ ಆಗಲೇ ಆರಂಭವಾಗುತ್ತದೆ, ಸಂಜೆ ದೀಪ ಬೇಗ ಆರಲಿದೆ ಎಂಬುದು ಅದಕ್ಕೆ ನೆರವಾಗುವುದಿಲ್ಲ. ನನ್ನ ತುಂಡುಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. ತಟ್ಟೆಯಾಕಾರದ ಮಾಂಟಿಪೋರಾ ದೀಪಕ್ಕೆ ಮುಖಮಾಡಿದ ಬದಿಯಲ್ಲಿ ಮಾತ್ರ ಬಿಳಿಚಿತು, ನೆರಳಿನ ಅಡಿಭಾಗ ತನ್ನ ಬಣ್ಣವನ್ನು ಉಳಿಸಿಕೊಂಡಿತು. ಮಶ್ರೂಮ್ ಹವಳಗಳು ಅಂಚು ಮಡಚಿಕೊಂಡು ಕುಗ್ಗಿದವು. ಝೋಆಂಥಿಡ್‌ಗಳೆಂಬ ಗುಂಡಿಯಂಥ ಸಣ್ಣ ಹವಳಗಳು ದೀಪ ಉರಿಯುವ ಹೊತ್ತಿನಲ್ಲಿ ಅರ್ಧ ಮುಚ್ಚಿಕೊಂಡೇ ಇದ್ದವು. ಮರುದಿನ ಬೆಳಗ್ಗೆ ದೀಪ ಹೊತ್ತುವ ಮೊದಲು ಚೆನ್ನಾಗಿ ಅರಳಿರುತ್ತಿದ್ದ ಅವೇ ಝೋಆಂಥಿಡ್‌ಗಳು ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಮುದುಡುತ್ತಿದ್ದುದು, ತೊಂದರೆ ಇರುವುದು ನೀರಿನಲ್ಲಲ್ಲ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಪ್ರಖರತೆಯನ್ನೇ ತಗ್ಗಿಸುವ ವಿಧಾನ ಇದಕ್ಕೆ ತದ್ವಿರುದ್ಧವಾದ ಫಲ ಕೊಟ್ಟಿತು. ರೇಡಿಯಾನ್, ಎಐ ಹೈಡ್ರಾದಂಥ ದೀಪಗಳ ಆ್ಯಪ್‌ನಲ್ಲಿ ಇದಕ್ಕೆಂದೇ ಒಂದು ಏರ್ಪಾಡು ಇರುತ್ತದೆ: ಎಷ್ಟರಿಂದ ಆರಂಭಿಸಬೇಕು, ಎಷ್ಟು ದಿನಗಳಲ್ಲಿ ಪೂರ್ಣ ಮಟ್ಟ ಮುಟ್ಟಬೇಕು ಎಂದು ತಿಳಿಸಿದರೆ, ದಿನವೂ ಕಣ್ಣಿಗೆ ಗೊತ್ತಾಗದಷ್ಟು ಸಣ್ಣ ಪ್ರಮಾಣದಲ್ಲಿ ಬೆಳಕು ಏರುತ್ತದೆ. ನಾನು ಹಳೆಯ ಟ್ಯೂಬ್‌ಗಳ ಮಟ್ಟಕ್ಕಿಂತ ತುಸು ಕೆಳಗೆ, ಸುಮಾರು 115 ಪಾರ್‌ನಿಂದ ಆರಂಭಿಸಿ, ವಾರಕ್ಕೆ ಹತ್ತು ಹದಿನೈದು ಶೇಕಡಾದಷ್ಟು ಏರುವಂತೆ ಇಟ್ಟೆ. ಮಾಂಟಿಪೋರಾದ ಬಣ್ಣ ಮಾಸಲಿಲ್ಲ. ಟಾರ್ಚ್ ಎಂದು ಕರೆಯುವ ಯೂಫಿಲಿಯಾ ತನ್ನ ಕರಬಳ್ಳಿಗಳನ್ನು ಮೊದಲಿನಷ್ಟೇ ಉದ್ದಕ್ಕೆ ಚಾಚಿಕೊಂಡಿತ್ತು.

ಆದರೆ ಈ ವಿಧಾನದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಆ್ಯಪ್ ತೋರಿಸುವ ಶೇಕಡಾ 50 ಎಂಬುದು ಹವಳದ ಮೇಲೆ ಅರ್ಧ ಬೆಳಕು ಬೀಳುತ್ತಿದೆ ಎಂದು ಖಾತರಿ ಕೊಡುವುದಿಲ್ಲ. ಪಾರ್ ಮೀಟರಿನಿಂದ ಹವಳವಿರುವ ಜಾಗದಲ್ಲೇ, ನೀರಿನೊಳಗೆ ಅಳೆಯಬೇಕು. ಅಪೋಜಿ ಕಂಪನಿಯ ಎಂಕ್ಯೂ-510 ಇಂಥ ಕೆಲಸಕ್ಕೆಂದೇ ಇರುವ ಮೀಟರ್. ಅದಕ್ಕಿಂತ ಹಳೆಯ ಮಾದರಿಗಳು ಎಲ್‌ಇಡಿಯ ನೀಲಿ ಬೆಳಕನ್ನು ಇರುವುದಕ್ಕಿಂತ ಕಡಿಮೆಯಾಗಿ ತೋರಿಸುತ್ತವೆ. ಎರಡನೆಯದಾಗಿ, ದೀಪದಲ್ಲಿ ಪ್ರತ್ಯೇಕವಾಗಿ ಹೊಂದಿಸಬಹುದಾದ ಬಣ್ಣಗಳ ಪೈಕಿ ಬಿಳಿ ಬಣ್ಣದ ಚಾನೆಲ್ ಒಂದನ್ನೇ ಇಳಿಸಿ ಬೆಳಕು ಕಡಿಮೆಯಾಯಿತೆಂದು ಸಮಾಧಾನಪಡಬಾರದು. ನಮ್ಮ ಕಣ್ಣಿಗೆ ನೀಲಿ ಬೆಳಕು ಮಂದವಾಗಿ ಕಾಣುತ್ತದೆ, ಆದರೆ ಪಾಚಿ ಅದನ್ನು ಬಹಳ ಚೆನ್ನಾಗಿ ಹೀರಿಕೊಳ್ಳುತ್ತದೆ. ತೊಟ್ಟಿ ನಮಗೆ ಕತ್ತಲೆಯಾಗಿ ಕಂಡರೂ ಹವಳಕ್ಕೆ ಸಿಗುವ ಬೆಳಕು ಹೆಚ್ಚೇನೂ ಇಳಿದಿರುವುದಿಲ್ಲ. ಎಲ್ಲ ಚಾನೆಲ್‌ಗಳನ್ನೂ ಒಂದೇ ಅನುಪಾತದಲ್ಲಿ ಇಳಿಸುವುದು ಉತ್ತಮ.

ಪ್ರಖರತೆ ಬದಲಿಸಲಾಗದ ದೀಪವಿರುವವರಿಗೆ ಜಾಲರಿ ವಿಧಾನವೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಿಟಕಿಗೆ ಹಾಕುವ ಫೈಬರ್‌ಗ್ಲಾಸ್ ಸೊಳ್ಳೆ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ತೊಟ್ಟಿಯ ಮೇಲಿಟ್ಟೆ. ನನ್ನ ಮೀಟರಿನ ಪ್ರಕಾರ ಒಂದು ಪದರ ಸುಮಾರು ಮೂರರಲ್ಲಿ ಒಂದು ಪಾಲು ಬೆಳಕನ್ನು ತಡೆಯಿತು. ಹಾಗಾಗಿ 280 ಇದ್ದದ್ದು ಒಂದು ಪದರಕ್ಕೆ 187ರ ಸುತ್ತ, ಎರಡಕ್ಕೆ 125ರ ಸುತ್ತ ಇಳಿಯಿತು. ಫಲಿತಾಂಶ ಆ್ಯಪ್‌ ಮೂಲಕ ಏರಿಸಿದ್ದಕ್ಕೆ ಬಹಳ ಹತ್ತಿರವಿತ್ತು. ಇದರ ಕೊರತೆಯೆಂದರೆ ಹಂತಗಳು ದೊಡ್ಡವು: ಕೊನೆಯ ಪದರವನ್ನು ತೆಗೆದ ದಿನ ಬೆಳಕು ಒಂದೇ ಸಲಕ್ಕೆ ಅರ್ಧದಷ್ಟು ಹೆಚ್ಚುತ್ತದೆ. ಆದ್ದರಿಂದ ಆ ಕೊನೆಯ ಪದರವನ್ನು ಮೊದಲ ವಾರ ದಿನದ ಕೆಲವು ಗಂಟೆ ಮಾತ್ರ ಸರಿಸಿಡುವುದು ಒಳ್ಳೆಯದು. ಜಾಲರಿಯ ಮೇಲೆ ಉಪ್ಪು ಹೆಪ್ಪುಗಟ್ಟುತ್ತದೆ, ಆಗಾಗ್ಗೆ ತೊಳೆಯಬೇಕು. ಇನ್ನೊಂದು ದೊಡ್ಡ ಅನುಕೂಲವೆಂದರೆ, ಹೊಸದಾಗಿ ಬಂದ ಒಂದೇ ಒಂದು ಹವಳದ ಮೇಲೆ ಸಣ್ಣ ತುಂಡು ಜಾಲರಿಯನ್ನು ಇಟ್ಟು, ತೊಟ್ಟಿಯ ಉಳಿದ ಹವಳಗಳಿಗೆ ಅವು ಒಗ್ಗಿಕೊಂಡ ಬೆಳಕನ್ನೇ ಉಳಿಸಬಹುದು. ಆ್ಯಪ್‌ಗೆ ಇದು ಸಾಧ್ಯವಿಲ್ಲ.

ಹವಳವನ್ನು ತಳದಿಂದ ಮೇಲೇರಿಸುವ ಹಳೆಯ ಪದ್ಧತಿ ಬೆಳಕಿನ ದೃಷ್ಟಿಯಿಂದ ಕೆಲಸ ಮಾಡುತ್ತದೆ. ಆದರೆ ತಳದಲ್ಲಿ ನೀರಿನ ಹರಿವು ಬೇರೆ, ಮರಳು ಹಾರಿ ಮೇಲೆ ಕೂರುತ್ತದೆ, ಪ್ರತಿ ಹಂತದಲ್ಲೂ ಹವಳವನ್ನು ಕೈಯಿಂದ ಮುಟ್ಟಿ ಎತ್ತಬೇಕಾಗುತ್ತದೆ. ಅಕ್ರೋಪೋರಾ ಇಂಥ ಕದಲಿಕೆಯನ್ನು ಸಹಿಸಲಿಲ್ಲ; ಬೆಳಕು ಮತ್ತು ಹರಿವು ಒಟ್ಟೊಟ್ಟಿಗೆ ಬದಲಾಗುವುದರಿಂದ ಅದು ಸೊರಗಿದಾಗ ಕಾರಣ ಯಾವುದೆಂದು ಬೇರ್ಪಡಿಸುವುದೂ ಕಷ್ಟವಾಯಿತು. ಮಶ್ರೂಮ್ ಮತ್ತು ಝೋಆಂಥಿಡ್‌ಗಳಿಗೆ ಈ ಪದ್ಧತಿ ಸಾಕು. ಅವುಗಳಲ್ಲಿ ಅನೇಕವಕ್ಕೆ ಮೇಲಿನ ಬಂಡೆಯ ಬೆಳಕು ಬೇಕಾಗಿಯೂ ಇಲ್ಲ, 50ರಿಂದ 100 ಪಾರ್‌ನಲ್ಲೇ ಮಶ್ರೂಮ್‌ಗಳು ಸುಖವಾಗಿರುತ್ತವೆ.

ಭಾರತದಲ್ಲಿರುವ ಓದುಗರಿಗೆ ಒಂದು ಮಾತು. ಕಲ್ಲುಹವಳಗಳಿಗೆ ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಸಮುದ್ರದಿಂದ ಅವನ್ನು ಕಿತ್ತು ತರುವುದು ಅಪರಾಧ. ಇಲ್ಲಿ ನಾನು ಹೇಳಿದ ಮಾಂಟಿಪೋರಾ, ಅಕ್ರೋಪೋರಾ, ಯೂಫಿಲಿಯಾ ಮೂರೂ ಆ ಗುಂಪಿಗೆ ಸೇರಿದವು. ಮುರುಡೇಶ್ವರದ ಬಳಿಯ ನೇತ್ರಾಣಿಯ ಹವಳಗಳನ್ನು ನೀರಿಗಿಳಿದು ನೋಡಿ ಬರುವುದಷ್ಟೇ ನ್ಯಾಯ.

ಯಾವ ವಿಧಾನವನ್ನು ಆರಿಸಿಕೊಂಡರೂ ಬಿಳಿಚುವಿಕೆಯ ಜಾಗವನ್ನು ಗಮನಿಸಬೇಕು. ದೀಪದತ್ತ ಮುಖಮಾಡಿದ ಬದಿ ಬಿಳಿಚಿದರೆ ಬೆಳಕು ಕಾರಣವಾಗಿರುವ ಸಾಧ್ಯತೆ ಹೆಚ್ಚು, ಕೂಡಲೇ ಒಂದು ಹಂತ ಹಿಂದಕ್ಕೆ ಹೋಗಿ ಅಲ್ಲೇ ಎರಡು ವಾರ ನಿಲ್ಲಬೇಕು. ಬುಡದಿಂದ ಅಂಗಾಂಶ ಕಳಚುತ್ತಾ ಬಂದರೆ ದೀಪವನ್ನು ಬಿಟ್ಟು ನೀರನ್ನು ಪರೀಕ್ಷಿಸಬೇಕು. ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಗೆ ಇಳಿದಿರುವ ತೊಟ್ಟಿಯಲ್ಲಿ ಬೆಳಕನ್ನು ಏರಿಸಲು ಹೊರಡಬಾರದು, ಪೋಷಕಾಂಶವಿಲ್ಲದ ಹವಳ ಅಷ್ಟೇ ಬೆಳಕಿಗೂ ಬೇಗ ಬಿಳಿಚುತ್ತದೆ. ಏರಿಕೆಯ ಅವಧಿಯಲ್ಲಿ ನೀರನ್ನು ಶೋಧಿಸುವ ಸಕ್ರಿಯ ಇದ್ದಿಲನ್ನು ಹೊಸದಾಗಿ ಒಮ್ಮೆಗೇ ಹೆಚ್ಚು ಹಾಕುವುದನ್ನೂ ನಾನು ತಪ್ಪಿಸುತ್ತೇನೆ. ಅದು ನೀರಿನ ಹಳದಿ ಛಾಯೆಯನ್ನು ತೆಗೆದು, ದೀಪವನ್ನು ಮುಟ್ಟದೆಯೇ ಬೆಳಕನ್ನು ಹೆಚ್ಚಿಸುತ್ತದೆ. ಹವಳ ಹೊಸ ಬೆಳಕಿಗೆ ಒಗ್ಗಿದ ಮೇಲೆ ಅದರ ಬೆಳವಣಿಗೆ ವೇಗ ಪಡೆಯುತ್ತದೆ, ಅದರೊಂದಿಗೆ ಕ್ಷಾರೀಯತೆ ಮತ್ತು ಕ್ಯಾಲ್ಸಿಯಂ ಖರ್ಚಾಗುವ ವೇಗವೂ ಏರುತ್ತದೆ. ಆದ್ದರಿಂದ ಆ ವಾರಗಳಲ್ಲಿ ಕ್ಷಾರೀಯತೆಯನ್ನು ಒಂದು ದಿನ ಬಿಟ್ಟು ಒಂದು ದಿನ ಅಳೆದು, 8ರಿಂದ 9 ಡಿಕೆಎಚ್‌ನಲ್ಲಿ (ಕ್ಷಾರೀಯತೆಯ ಮಾನ) ಸ್ಥಿರವಾಗಿರುವಂತೆ ಡೋಸಿಂಗ್, ಅಂದರೆ ಖರ್ಚಾದದ್ದನ್ನು ನೀರಿಗೆ ಮತ್ತೆ ಸೇರಿಸುವ ಪ್ರಮಾಣವನ್ನು ಹೆಚ್ಚಿಸುತ್ತಾ ಹೋಗಬೇಕು.