ಕುಶಾಲನಗರದಲ್ಲಿ ಮಾಡಿಸಿದ ಬೋವಾ ಪೆಟ್ಟಿಗೆ: ಕೊಡಗಿನ ಮಳೆಗೆ ತಡೆಯುತ್ತಾ?

ನಾವು ಸಾಕಿರುವ ಬೋವಾ ಹಾವು ಆರೂವರೆ ಅಡಿ ದಾಟಿದೆ. ಹಳೆ ಪೆಟ್ಟಿಗೆ ಸಾಲದೆ, ಕುಶಾಲನಗರದಲ್ಲಿ ಕಿಚನ್ ಕ್ಯಾಬಿನೆಟ್ ಮಾಡುವ ಒಂದು ಅಂಗಡಿಯಲ್ಲಿ ಹೊಸದು ಮಾಡಿಸಿದೆವು. ಒಂದು ಪೂರ್ತಿ ಮಳೆಗಾಲ, ಒಂದು ಚಳಿಗಾಲ ಬಳಸಿ ನೋಡಿ ಬರೆಯುತ್ತಿದ್ದೇನೆ. ಪೆಟ್ಟಿಗೆ ನನಗೆ ತುಂಬಾ ಇಷ್ಟ ಆಗಿದೆ. ಹೀಟರ್ ಕೂರಿಸಿದ ರೀತಿ ಮತ್ತು ಬೀಗ ಮಾತ್ರ ಇಷ್ಟ ಆಗಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೆಟ್ಟಿಗೆ ನೋಡಿದವರೆಲ್ಲ "ತೋಟದಲ್ಲಿ ಸಿಕ್ಕಿದ ಹೆಬ್ಬಾವಾ?" ಅಂತ ಕೇಳುತ್ತಾರೆ. ಅಲ್ಲವೇ ಅಲ್ಲ. ನಮ್ಮ ಕಾಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಅದನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಕಾಫಿ ತೋಟದಲ್ಲಿ ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಾವು, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಇರುವ ಸೈಟಿಸ್ ಪಟ್ಟಿಯಲ್ಲಿದೆ. 2024ರಲ್ಲಿ ಬಂದ ನಿಯಮದ ಪ್ರಕಾರ ಇಂಥ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದ ಪತ್ರ ಇಲ್ಲದೆ ಮಾರುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಈಗ ಪೆಟ್ಟಿಗೆ. ಉದ್ದ 8 ಅಡಿ, ಅಗಲ 3, ಎತ್ತರ 3. ಹಾವು ಮೈ ಪೂರ್ತಿ ಚಾಚಿ ಮಲಗುವಷ್ಟು ಜಾಗ ಬೇಕು ಅನ್ನುವುದು ನನ್ನ ಲೆಕ್ಕ. ಸುರುಳಿ ಸುತ್ತಿಕೊಂಡೇ ಇರುತ್ತಲ್ಲ, ನಾಲ್ಕಡಿ ಸಾಕು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ರಾತ್ರಿ ಒಮ್ಮೆ ಕೂತು ನೋಡಿ, ಎಷ್ಟು ಓಡಾಡುತ್ತದೆ ಅಂತ ಗೊತ್ತಾಗುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬದುಕುವ ಪ್ರಾಣಿ ಅದು.

18 ಎಂಎಂ ಪಿವಿಸಿ ಫೋಮ್ ಬೋರ್ಡ್ ಹಾಕಿದ್ದಾರೆ. ಶೀಟ್ 8 ಅಡಿ ಉದ್ದವೇ ಬರುವುದರಿಂದ ಉದ್ದಕ್ಕೆ ಎಲ್ಲೂ ಜೋಡಣೆ ಇಲ್ಲ. ಪ್ಲೈವುಡ್ ಬೇಡ ಅಂದಿದ್ದೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ನಮ್ಮ ಮನೆಯ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಒಳಗೆ ನೀರಿನ ತೊಟ್ಟಿ ಇರುವ ಪ್ಲೈವುಡ್ ಕಥೆ ಕೇಳಬೇಕಾ? ಈ ಬೋರ್ಡ್ ಮಾತ್ರ ಊದಿಲ್ಲ, ಬಣ್ಣ ಕೆಟ್ಟಿಲ್ಲ, ಒರೆಸಿದರೆ ಹೊಸದರಂತೆ ಇದೆ. ಮೂಲೆಗಳಿಗೆ ಸಿಲಿಕೋನ್ ನೀಟಾಗಿ ಎಳೆದಿದ್ದಾರೆ. ಅದಕ್ಕೆ ಪೂರ್ತಿ ಮಾರ್ಕ್ಸ್.

ಗಾಳಿ ಕಿಂಡಿಯೂ ನಾನು ಹೇಳಿದಂತೆಯೇ ಮಾಡಿದ್ದಾರೆ: ತಂಪು ಬದಿಯಲ್ಲಿ ಕೆಳಗೆ, ಹೀಟರ್ ಇರುವ ಬಿಸಿ ಬದಿಯಲ್ಲಿ ಮೇಲೆ. ಬಿಸಿ ಗಾಳಿ ಮೇಲೆ ಹೋಗುವಾಗ ಕೆಳಗಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಬೋವಾಗೆ 60-70% ತೇವಾಂಶ ಬೇಕು ಅಂತ ಪುಸ್ತಕದಲ್ಲಿ ಓದಿ ಜನ ದಿನಾ ನೀರು ಚಿಮುಕಿಸುತ್ತಾರೆ, ಮಡಿಕೇರಿ ಕಡೆ ಜುಲೈಯಲ್ಲಿ ಅದರ ಅಗತ್ಯವೇ ಇಲ್ಲ. ಹೊರಗಿನ ಒದ್ದೆ ಗಾಳಿ ಪೆಟ್ಟಿಗೆಯೊಳಗೆ ಬಿಸಿಯಾದರೆ ತೇವಾಂಶ ತಾನಾಗಿಯೇ ಅಳತೆಗೆ ಬರುತ್ತದೆ. ಹೀಟರ್ ಆರಿದಾಗಲೇ ತೊಂದರೆ. ಚಳಿ ಮತ್ತು ತೇವ ಎರಡೂ ಸೇರಿದರೆ ಹಾವಿಗೆ ಉಸಿರಾಟದ ಸೋಂಕು ಬರುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ, ಮೂಗಿನ ಹತ್ತಿರ ಗುಳ್ಳೆ ಕಾಣುತ್ತದೆ. ಚಿಮುಕಿಸುವ ಕೆಲಸ ಇರುವುದು ಫೆಬ್ರವರಿ, ಮಾರ್ಚ್‌ನಲ್ಲಿ.

ಹೀಟರ್ ವಿಷಯಕ್ಕೆ ಬಂದರೆ ಅಂಗಡಿಯವರ ಮೇಲೆ ನನಗೆ ನಿಜಕ್ಕೂ ಬೇಸರ ಇದೆ. ಬಲ್ಬಿನಂತೆ ತಿರುಗಿಸಿ ಕೂರಿಸುವ 150 ವ್ಯಾಟ್ ಸೆರಾಮಿಕ್ ಹೀಟರ್‌ಗೆ ಸಾಮಾನ್ಯ ಬಲ್ಬಿನ ಪ್ಲಾಸ್ಟಿಕ್ ಹೋಲ್ಡರ್ ಹಾಕಿ ಕೊಟ್ಟಿದ್ದರು! ಅದು ಕರಗುತ್ತದೆ, ಬೆಂಕಿ ಹಿಡಿಯಲೂಬಹುದು. ಪಿಂಗಾಣಿ ಹೋಲ್ಡರೇ ಬೇಕು, ಅದರ ಹಿಂದೆ ಲೋಹದ ತಗಡು ಬೇಕು, ಸುತ್ತ ತಂತಿ ಬಲೆ ಬೇಕು. ಬಲೆ ಇಲ್ಲದಿದ್ದರೆ ಹಾವು ಹೋಗಿ ಅದಕ್ಕೇ ಸುತ್ತಿಕೊಳ್ಳುತ್ತದೆ, ಮೈ ಸುಡುತ್ತಿದ್ದರೂ ಬೇಗ ಬಿಟ್ಟು ಸರಿಯುವುದಿಲ್ಲ. ಸ್ವಿಚ್ ಹಾಕುವ ಮೊದಲೇ ಎಲ್ಲಾ ಬಿಚ್ಚಿಸಿ ಬದಲಾಯಿಸಿದೆ. ಥರ್ಮೋಸ್ಟಾಟ್ ಎರಡು ಇಟ್ಟಿದ್ದೇನೆ. ಒಂದು ಬಿಸಿ ಜಾಗವನ್ನು 32 ಡಿಗ್ರಿಯಲ್ಲಿ ಇಡುತ್ತದೆ. ಅದು ಕೈಕೊಟ್ಟರೆ ಇನ್ನೊಂದು 36ಕ್ಕೆ ಕರೆಂಟ್ ಕಡಿಯುತ್ತದೆ. ತಂಪು ಬದಿ 26ರ ಹತ್ತಿರ ಇರುತ್ತದೆ.

ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಯಾರೂ ಹೇಳುವಂತಿಲ್ಲ, ಅಲ್ವಾ? ಹಾವಿಗೆ ಅಂತಲೇ ಬೇರೆ ಇನ್ವರ್ಟರ್ ಇಟ್ಟಿದ್ದೇವೆ. 150 ಎಎಚ್ ಬ್ಯಾಟರಿಗೆ ಒಂದು ರಾತ್ರಿ ಧೈರ್ಯವಾಗಿ ಕಳೆಯಬಹುದು. ಅದೂ ಮುಗಿದರೆ ಪೆಟ್ಟಿಗೆಯ ಮೂರು ಬದಿಗೆ ಥರ್ಮಾಕೋಲ್, ಒಳಗೆ ಟವೆಲ್ ಸುತ್ತಿದ ಬಿಸಿ ನೀರಿನ ಬಾಟಲಿ. ದಪ್ಪ ಬೋರ್ಡ್ ಆದ್ದರಿಂದ ಬಿಸಿ ನಿಧಾನವಾಗಿ ಇಳಿಯುತ್ತದೆ, ಇದು ನನಗೆ ಸಿಕ್ಕ ದೊಡ್ಡ ಲಾಭ. ಅಂಥ ದಿನಗಳಲ್ಲಿ ತಿನ್ನಲು ಕೊಡುವುದಿಲ್ಲ, ಬಿಸಿ ಇಲ್ಲದೆ ಅದಕ್ಕೆ ಜೀರ್ಣ ಆಗುವುದಿಲ್ಲ. ದೊಡ್ಡ ಬೋವಾಗೆ ಎರಡು ಮೂರು ವಾರಕ್ಕೊಂದು ಇಲಿ ಸಾಕು, ಅದೂ ಫ್ರೀಜ್ ಮಾಡಿದ್ದನ್ನು ಕರಗಿಸಿ ಬೆಚ್ಚಗೆ ಮಾಡಿ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ.

ಬೀಗ. ಅಂಗಡಿ ಶೋಕೇಸಿಗೆ ಹಾಕುವ ಹಲ್ಲಿನ ಬೀಗ ಕೊಟ್ಟಿದ್ದರು. ಜಾರುವ ಗಾಜು ಎರಡೂ ಸೇರುವ ಕಡೆ ಹಾವು ರಾತ್ರಿಯಿಡೀ ಮೂತಿ ಒತ್ತುತ್ತದೆ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಗಾಜಿನ ಮೇಲೆ ಒದ್ದೆ ಗೆರೆ ಬೀಳುವಷ್ಟು. ಆ ಒತ್ತಕ್ಕೆ ಬೀಗ ಒಂದು ಹಲ್ಲು ಸರಿದಿತ್ತು. ಈ ಗಾತ್ರದ ಹಾವು ಹೊರಗೆ ಬಂದರೆ ನಮಗೂ ಲೈನ್‌ಮನೆಯ (ತೋಟದ ಕೆಲಸಗಾರರ ಮನೆಗಳ) ಮಕ್ಕಳಿಗೂ ಅದಕ್ಕೂ ಅಪಾಯ. ಹೇಳಿದ ಕೂಡಲೇ ಅಂಗಡಿಯವರು ಬಂದು ಎರಡೂ ತುದಿಗೆ ಕೀಲಿ ಬೀಗ ಹಾಕಿ ಹೋದರು, ದುಡ್ಡು ಕೇಳಲಿಲ್ಲ. ಕೋಣೆಗೂ ಬೇರೆ ಬೀಗ ಇದೆ. ಹಾವನ್ನು ಎತ್ತುವಾಗ ಮನೆಯಲ್ಲಿ ಇಬ್ಬರು ಇರಲೇಬೇಕು ಅನ್ನುವುದು ನಮ್ಮ ನಿಯಮ.

ಪೆಟ್ಟಿಗೆ, ಗಾಜು, ಸಾಗಣೆ ಎಲ್ಲಾ ಸೇರಿ ಮೂವತ್ತು ಸಾವಿರದ ಆಸುಪಾಸು ಆಯಿತು. ಇನ್ವರ್ಟರ್ ಬೇರೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಮಾಡಿಸುವವರು ಹೋಲ್ಡರ್, ಬೀಗ ಎರಡನ್ನೂ ನೀವೇ ತಂದುಕೊಡಿ, ಬಿಡಿ ಭಾಗಗಳಾಗಿ ಕಳಿಸಿ ಮನೆಯಲ್ಲಿ ಜೋಡಿಸಲು ಹೇಳಿ. ಮೂರಡಿ ಅಗಲ, ಮೂರಡಿ ಎತ್ತರದ್ದು ನಮ್ಮ ಹಳೆ ಮನೆಗಳ ಬಾಗಿಲಲ್ಲಿ ಹಾಗೇ ಒಳಗೆ ಬರುವುದಿಲ್ಲ.